ಚೆಲ್ಲಿದ ಬಣ್ಣದಲ್ಲಿ ಬೆಟ್ಟ ಕಂಡದ್ದು: ನನ್ನ ಅನುಭವ

ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುತ್ತ ಬಂದ ನಾನು, ಚೀನಾದ ಚಿತ್ರಕಾರ ಝಾಂಗ್ ದಾಚಿಯನ್ ಅವರ ಬಣ್ಣ ಚೆಲ್ಲುವ ವಿಧಾನವನ್ನು ಕಲಿಯಲು ಎರಡು ಮಳೆಗಾಲಗಳನ್ನು ಮೀಸಲಿಟ್ಟೆ. 1899ರಲ್ಲಿ ಸಿಚುವಾನ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು 1949ರಲ್ಲಿ ತಾಯ್ನೆಲ ಬಿಟ್ಟವರು ಮತ್ತೆ ಅದನ್ನು ಕಾಣಲಿಲ್ಲ. ಡಾರ್ಜಿಲಿಂಗ್, ಅರ್ಜೆಂಟೀನಾ, ಬ್ರೆಜಿಲ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿ, ಕೊನೆಗೆ 1983ರಲ್ಲಿ ತೈಪೆಯಲ್ಲಿ ತೀರಿಕೊಂಡರು.

ಬ್ರೆಜಿಲ್‌ನಲ್ಲಿದ್ದಾಗ, ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ, ಅವರ ಕೈಯಲ್ಲಿ ಈ ವಿಧಾನ ಮೈದಳೆಯಿತು. ಇದು ಪಾಶ್ಚಾತ್ಯ ಅಮೂರ್ತ ಕಲೆಯ ಪ್ರಭಾವವೆಂದು ಕೆಲವರು ಹೇಳಿದರೆ, ಅವರು ಮಾತ್ರ ಚೀನಾದ ತಾಂಗ್ ರಾಜವಂಶದ ಕಾಲದ (7ರಿಂದ 10ನೇ ಶತಮಾನ) ಮಸಿ ಚೆಲ್ಲುವ ಪರಂಪರೆಯತ್ತ ಬೊಟ್ಟುಮಾಡುತ್ತಿದ್ದರು. ಎರಡರಲ್ಲೂ ಹುರುಳಿದೆ. ಆದರೆ ಕೆಲಸಕ್ಕೆ ಕೈಹಚ್ಚಿದ ಮೇಲೆ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ವಾಯವ್ಯ ಚೀನಾದ ಬೌದ್ಧ ಗುಹೆಗಳ ತಾಣವಾದ ದುನ್‌ಹುವಾಂಗ್: 1941ರಿಂದ 1943ರವರೆಗೆ ಆ ಗುಹೆಗಳ ಭಿತ್ತಿಚಿತ್ರಗಳನ್ನು ನಕಲು ಮಾಡುತ್ತ ಅವರು ಕಲ್ಲು ಅರೆದು ಮಾಡಿದ ಬಣ್ಣಗಳ ಸ್ವಭಾವವನ್ನು ಅರಿತಿದ್ದರು. ಅದೇ ಪರಿಚಯದಿಂದ ಅವರು 1950ರಲ್ಲಿ ಅಜಂತಾವನ್ನೂ ನೋಡಿಹೋದರು.

ಮಸಿ ತೀರ ಒಳಗಿಳಿಯದಂತೆ ಕಾಗದಕ್ಕೆ ಸರೇಸು (ಅಂಟು) ಮತ್ತು ಪಟಿಕದ ನೀರು ಬಳಿದು ಒಣಗಿಸಿ, ಹಲಗೆಗೆ ಅಂಟಿಸಿಕೊಂಡೆ. ಮಸಿ ಸುರಿದು ಹಲಗೆಯನ್ನು ನಿಧಾನವಾಗಿ ಓರೆ ಮಾಡಿದರೆ ಅದು ಕಣಿವೆಯ ನೀರಿನಂತೆ ದಾರಿ ಹುಡುಕಿಕೊಳ್ಳುತ್ತದೆ. ಮೊದಲ ಹಾಳೆಗಳಲ್ಲಿ ಆತುರಪಟ್ಟು ಹಸಿ ಮಸಿಯ ಮೇಲೆಯೇ ಅಜುರೈಟ್ ಎಂಬ ಖನಿಜದ ನೀಲಿಯನ್ನು ಸುರಿದೆ. ಎಲ್ಲವೂ ಕಲಸಿ ಕೆಸರಾಯಿತು. ಪೂರ್ತಿ ಒಣಗುವವರೆಗೆ ಕಾದಾಗ ನೀಲಿಯು ತೇಪೆಯಂತೆ ಮೇಲೆ ಕುಳಿತಿತು. ಮಸಿಯ ಹೊಳಪು ಮಾಯವಾಗಿ, ಅಂಗೈ ಹಿಂಬದಿಗೆ ಕಾಗದವಿನ್ನೂ ತಣ್ಣಗೆ ತಾಗುವ ಆ ಗಳಿಗೆಯೇ ಸರಿಯಾದದ್ದು. ದಪ್ಪಗೆ ಅರೆದ ಕಣಗಳು ಗಾಢ ನೀಲಿಯಾಗಿ ತಗ್ಗುಗಳಲ್ಲಿ ನಿಲ್ಲುತ್ತವೆ, ನುಣ್ಣನೆಯವು ತೆಳುವಾಗಿ ಅಂಚಿಗೆ ಹರಿಯುತ್ತವೆ. ಸರೇಸು ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಬೆರಳಿಗೆ ಹತ್ತುತ್ತದೆ. ಹಾಗೆ ಮೂರು ಹಾಳೆಗಳನ್ನು ಕಳೆದುಕೊಂಡೆ.

ಚೆಲ್ಲುವುದಕ್ಕಿಂತ ಕಠಿಣವಾದದ್ದು ಆಮೇಲಿನ ಕುಂಚದ ಕೆಲಸ. ಝಾಂಗ್ ಅವರು ಹರಿದ ಬಣ್ಣದ ಅಂಚಿನಲ್ಲಿ ಪುಟ್ಟ ಮನೆಯನ್ನೋ ಮರಗಳನ್ನೋ ಬರೆದು ಬರೀ ಬಣ್ಣದ ಮಚ್ಚೆಯಂತಿದ್ದುದನ್ನು ಬೆಟ್ಟವಾಗಿಸುತ್ತಿದ್ದರು. ನನ್ನ ಹಾಳೆಯೊಂದನ್ನು ಗೋಡೆಗೆ ಒರಗಿಸಿ ಹನ್ನೊಂದು ದಿನ ನೋಡುತ್ತ ಕುಳಿತೆ. ನಂತರ ಕೆಳಮೂಲೆಯಲ್ಲಿ ಒಂದು ಸೂರು, ಎರಡು ಪೈನ್ ಮರಗಳನ್ನಷ್ಟೇ ಬರೆದೆ. ಕ್ಷಣದಲ್ಲಿ ಮೇಲಿನ ನೀಲಿಯೆಲ್ಲ ದೂರ ಸರಿದು ಎತ್ತರವಾಯಿತು. ತಾವು ಎಂದೂ ಹತ್ತದ, ಚೀನಾದ ಲೂಶಾನ್ ಬೆಟ್ಟವನ್ನು ಸುಮಾರು 10 ಮೀಟರ್ ಉದ್ದದ ರೇಷ್ಮೆಯ ಮೇಲೆ ಬರೆಯುತ್ತ, ಅದು ಮುಗಿಯುವ ಮೊದಲೇ ತೀರಿಕೊಂಡ ಆ ಮನುಷ್ಯ ಅಂದು ನನಗೆ ಬಹಳ ಹತ್ತಿರದವರಾಗಿ ಕಂಡರು.