ಮಲೆನಾಡಿನ ಮಳೆಗಾಲದಲ್ಲಿ ಮಿನಿಯೇಚರ್‌ಗೆ ಬಣ್ಣ ಹಚ್ಚುವುದು: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಿನಿಯೇಚರ್‌ಗಳಿಗೆ, ಅಂದರೆ ಅಚ್ಚಿನಲ್ಲಿ ಮಾಡಿದ ಪುಟ್ಟ ಗೊಂಬೆಗಳಿಗೆ, ನಾನು ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳಕೋಟು) ಮುಟ್ಟುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಹೊಡೆದರೆ ಗೊಂಬೆಯ ಮೈ ಉಪ್ಪುಕಾಗದದ ಹಾಗೆ ತರಿತರಿಯಾಗುತ್ತದೆ, ಇಲ್ಲವೇ ಮಂಜು ಕವಿದಂತೆ ಬಿಳಿಚುತ್ತದೆ. 28 ಮಿ.ಮೀ. ಗೊಂಬೆಯ ತಲೆ ಹೆಸರುಕಾಳಿನಷ್ಟು. ಅಲ್ಲಿ ತರಿ ಕೂತರೆ ಕಣ್ಣು ಮೂಗು ಎರಡೂ ಹೋದಂತೆ. ಸ್ಪ್ರೇ ಏನಿದ್ದರೂ ಜನವರಿಯಿಂದ ಮಾರ್ಚ್‌ವರೆಗೆ, 20–25 ಸೆಂ.ಮೀ. ದೂರದಿಂದ. ಮಳೆಗಾಲಕ್ಕೆ ಬ್ರಷ್‌ನಲ್ಲಿ ಹಚ್ಚುವ ಕಪ್ಪು ಅಕ್ರಿಲಿಕ್ ಪ್ರೈಮರ್: ಎರಡು ತೆಳು ಕೋಟು, ಆಮೇಲೆ ಒಂದು ರಾತ್ರಿ ಹಾಗೇ ಬಿಡಬೇಕು.

ಅದಕ್ಕೂ ಮೊದಲು ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿದ್ದರೆ ಪ್ರೈಮರ್ ಸಿಪ್ಪೆ ಏಳುತ್ತದೆ. ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಹಳೇ ಟೂತ್‌ಬ್ರಷ್ ಸಾಕು. ಬಿಸಿನೀರಿಗೆ ಹಾಕಿದರೆ ತೆಳ್ಳಗಿನ ಈಟಿ, ಕತ್ತಿ ಬಾಗುತ್ತವೆ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಮೂಡುವ ಗೆರೆಯನ್ನು ಚಾಕುವಿನ ಮೊಂಡು ಬೆನ್ನಿನಿಂದ ಹೆರೆಯಿರಿ.

ಕಪ್ಪಿನ ಮೇಲೆ ಬಿಳಿಯ ಡ್ರೈಬ್ರಷ್ ಮಾಡುತ್ತೇನೆ, ಅಂದರೆ ಬಹುತೇಕ ಒಣಗಿದ ಬ್ರಷ್‌ನಿಂದ ಉಬ್ಬಿದ ಭಾಗಗಳಿಗೆ ಮಾತ್ರ ಬಿಳಿ ತಾಗಿಸುತ್ತೇನೆ. ಬಣ್ಣವನ್ನು ಟಿಶ್ಯೂ ಮೇಲೆ ಒರೆಸಿ, ಇನ್ನೇನು ಗುರುತೇ ಬೀಳುತ್ತಿಲ್ಲ ಅನ್ನುವಷ್ಟಾದ ಮೇಲೆ, ಮೇಲಿನಿಂದ ಕೆಳಕ್ಕೆ ಮಾತ್ರ ಆಡಿಸಬೇಕು. ಬೆಳಕು ಎಲ್ಲಿ ನಿಲ್ಲುತ್ತದೆ, ನೆರಳು ಎಲ್ಲಿ ಕೂರುತ್ತದೆ ಅನ್ನುವುದನ್ನು ಕಲಿಯಲು ಬೇಲೂರಿನ ಮದನಿಕೆಯರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಲ್ಲಿ ಬಣ್ಣವೇ ಇಲ್ಲ. ಆಭರಣದ ಹಿಂದೆ ಆಳವಾಗಿ ಕೊರೆದ ಸಂದುಗಳ ನೆರಳೇ ಗೆರೆ ಎಳೆದು ಕೊಡುತ್ತದೆ.

ಆಮೇಲೆ ಪ್ರತಿ ಭಾಗಕ್ಕೂ ಹಚ್ಚುವ ಮೂಲ ಬಣ್ಣಕ್ಕೆ ಒಂದು ಹನಿ ಬಣ್ಣ, ಒಂದು ಹನಿ ನೀರು. ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ: ತಾನೇ ಹರಿದರೆ ನೀರು ಹೆಚ್ಚು, ಬ್ರಷ್‌ನ ಗೀರು ಉಳಿದರೆ ಕಡಿಮೆ. ಎರಡು ಕೋಟು ಬೇಕೇ ಬೇಕು. ಹಳದಿ ಕಪ್ಪಿನ ಮೇಲೆ ಕೂರುವುದೇ ಇಲ್ಲ. ಕೆಳಗೆ ತಿಳಿ ಕಂದು ಹಚ್ಚಿಕೊಳ್ಳಿ. ಬ್ರಷ್ 1 ಅಥವಾ 2ನೇ ನಂಬರಿನದು, ತುದಿ ಚೂಪಾಗಿರಲಿ. ತೀರಾ ಸಪೂರದ 000 ನಂಬರು ಕೊಂಡವರ ಕಷ್ಟ ಏನೆಂದರೆ, ಗೊಂಬೆ ಮುಟ್ಟುವಷ್ಟರಲ್ಲಿ ತುದಿಯ ಬಣ್ಣ ಒಣಗಿರುತ್ತದೆ. ಕೂದಲಿನ ಅರ್ಧಕ್ಕಿಂತ ಹೆಚ್ಚು ಅದ್ದಬೇಡಿ. ಕೂದಲನ್ನು ಹಿಡಿದಿರುವ ತಗಡಿನೊಳಗೆ ಬಣ್ಣ ಹೊಕ್ಕರೆ ತುದಿ ಕವಲೊಡೆಯುತ್ತದೆ.

ವಾಶ್ (ಸಂದುಗಳಿಗೆ ಇಳಿದು ನೆರಳು ಕೊಡುವ ನೀರುನೀರಾದ ಬಣ್ಣ) ಹಾಕಿದಾಗ ನಿಂತ ಮಡುವನ್ನು ಒದ್ದೆ ಬ್ರಷ್‌ನಿಂದ ಕೂಡಲೇ ಹೀರಿ ತೆಗೆಯಿರಿ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವ ವಾಶ್‌ಗೆ ಜುಲೈನಲ್ಲಿ ನಾನು ಎರಡು ಗಂಟೆ ಕೊಡುತ್ತೇನೆ. ಅರೆ ಒಣಗಿದ್ದನ್ನು ಮುಟ್ಟಿದರೆ ಕಿತ್ತು ಬಂದು ಅಂಚಿನಲ್ಲಿ ಕರೆ ಉಳಿಯುತ್ತದೆ. ಬಣ್ಣ ಬೇಗ ಒಣಗದಂತೆ ಇಡುವ ವೆಟ್ ಪ್ಯಾಲೆಟ್‌ಗೆ ಮುಚ್ಚಳದ ಡಬ್ಬಿ, ಸ್ಪಂಜು, ಬೇಕಿಂಗ್ ಕಾಗದ ಸಾಕು. ಮಳೆಗಾಲದಲ್ಲಿ ಸ್ಪಂಜಿಗೆ ಬೇಗ ಬೂಷ್ಟು ಹಿಡಿಯುವುದರಿಂದ ಮೂರು ದಿನಕ್ಕೊಮ್ಮೆ ಕುದಿನೀರಿನಲ್ಲಿ ತೊಳೆಯುತ್ತೇನೆ.

ಗೊಂಬೆ ನಿಲ್ಲುವ ಪೀಠದ ಮೇಲೆ ಮಣ್ಣಿನ ನೋಟಕ್ಕೆ, ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರ್‌ನಲ್ಲಿ ಉಳಿಯುವ ಕಾಫಿಪುಡಿ ಚೆನ್ನಾಗಿ ಒಪ್ಪುತ್ತದೆ. ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಪೂರ್ತಿ ಒಣಗಿಸಿ, ಫೆವಿಕಾಲ್ ಮೇಲೆ ಉದುರಿಸಿ, ಆರಿದ ಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲ್ ಇನ್ನೊಮ್ಮೆ ಸವರಿ. ತೇವ ಉಳಿದರೆ ಪೀಠಕ್ಕೂ ಬೂಷ್ಟು.

ಕೊನೆಗೆ ವಾರ್ನಿಷ್, ಅದೂ ಬ್ರಷ್‌ನಲ್ಲೇ. ಹೊಳಪಿಲ್ಲದ ಮ್ಯಾಟ್ ವಾರ್ನಿಷ್‌ನ ಬಾಟಲಿಯನ್ನು ಒಂದು ನಿಮಿಷ ಕುಲುಕದಿದ್ದರೆ ತಳದ ಪುಡಿ ಬಿಳಿ ಪೊರೆಯಾಗಿ ಕೂರುತ್ತದೆ. ಹಾಗಾದರೆ ಹೆರೆಯಲು ಹೋಗಬೇಡಿ. ಮೇಲೆ ತೆಳುವಾಗಿ ಒಂದು ಕೋಟು ಹೊಳಪಿನ (ಗ್ಲಾಸಿ) ವಾರ್ನಿಷ್ ಹಚ್ಚಿದರೆ ಪೊರೆ ಬಹಳ ಸಲ ಮಾಯವಾಗುತ್ತದೆ. ಅದು ಪೂರ್ತಿ ಒಣಗಿದ ಮರುದಿನ, ಬಿಸಿಲು ಬಿದ್ದ ಹೊತ್ತು ನೋಡಿ, ಮತ್ತೆ ಮ್ಯಾಟ್.