ಪೆಟ್ಟಿಗೆಯಲ್ಲಿ ಸಿಕ್ಕ ಜರ್ಮನ್ ಪಿಸ್ತೂಲು: ಉಜ್ಜುವ ಮೊದಲು ಓದಿ

ತೀರಿಹೋದ ಹಿರಿಯರ ಪೆಟ್ಟಿಗೆ ಬಿಚ್ಚಿದಾಗ ಹಳೇ ಚರ್ಮದ ಹೋಲ್‌ಸ್ಟರ್ ಒಳಗೆ ಒಂದು ಪಿಸ್ತೂಲು ಸಿಕ್ಕಿತು ಅಂದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿರುದ್ಧ ಹೋರಾಡಿದ ಸೈನಿಕರು, ಅದರಲ್ಲೂ ಅಮೆರಿಕದವರು, ಇಂಥವನ್ನು ನೆನಪಿಗೆಂದು ಮನೆಗೆ ತಂದಿದ್ದರು. ನೋಡಿದ ಕೂಡಲೇ ಕೈ ತುರಿಸುತ್ತದೆ. ಒಂದು ಬಟ್ಟೆ ತಗೊಂಡು ತಿಕ್ಕಿ ಪಳಪಳ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. 80 ವರ್ಷ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದಾಗ ಆಗದ ಹಾನಿ ಒಂದು ಮಧ್ಯಾಹ್ನದ ತಿಕ್ಕಾಟದಲ್ಲಿ ಆಗಿಬಿಡುತ್ತದೆ.

ಗುಂಡು ಇದೆ ಅಂತಲೇ ಹಿಡಿಯಿರಿ

ಬೆರಳು ಟ್ರಿಗರ್‌ನಿಂದ ದೂರ ಇರಲಿ. ನಳಿಕೆ ಯಾರೂ ಇಲ್ಲದ ಕಡೆಗಿರಲಿ. ಮೊದಲು ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ತೆಗೆಯಬೇಕು, ಆಮೇಲೆ ಚೇಂಬರ್, ಅಂದರೆ ನಳಿಕೆಯ ಹಿಂದೆ ಗುಂಡು ಕೂರುವ ಜಾಗ, ತೆರೆದು ಕಣ್ಣಾರೆ ನೋಡಬೇಕು. ಈ ಕ್ರಮ ತಿರುಗುಮುರುಗಾದರೆ ಚೇಂಬರ್‌ಗೆ ಇನ್ನೊಂದು ಗುಂಡು ಬಂದು ಕೂರುತ್ತದೆ. ಮ್ಯಾಗಜಿನ್ ತೆಗೆದಾಯ್ತಲ್ಲ ಅಂತ ನಿರಾಳವಾಗಬೇಡಿ. ಒಳಗೆ ಗುಂಡು ಉಳಿದಿದ್ದರೆ ಜರ್ಮನ್ ಸೇನೆಯ ಲೂಗರ್ ಪಿಸ್ತೂಲಾಗಲಿ ವಾಲ್ಟರ್ ಪಿ 38 ಆಗಲಿ ಆಗಲೂ ಹಾರಿಸಬಲ್ಲದು. ಲೂಗರ್‌ನಲ್ಲಿ ಗುಂಡಿದ್ದರೆ ಮೇಲ್ಭಾಗದ ಎಕ್ಸ್‌ಟ್ರಾಕ್ಟರ್ (ಗುಂಡನ್ನು ಹಿಡಿದೆಳೆಯುವ ಕೊಕ್ಕೆ) ತುಸು ಎದ್ದು ನಿಂತು, ಅದರ ಪಕ್ಕದಲ್ಲಿ ‘ಗೆಲಾಡೆನ್’ ಅನ್ನೋ ಪದ ಕಾಣುತ್ತದೆ. ತುಂಬಿದೆ ಎಂದು ಅರ್ಥ. ಪಿ 38ರಲ್ಲಿ ಹ್ಯಾಮರ್, ಅಂದರೆ ಹಿಂದಿನಿಂದ ಬಡಿಯುವ ಸುತ್ತಿಗೆ, ಅದರ ಮೇಲುಗಡೆ ಸಣ್ಣ ಕಡ್ಡಿಯೊಂದು ಹೊರಗೆ ಚಾಚುತ್ತದೆ. ಜಾಣತನದ ಏರ್ಪಾಡೇ. ಆದರೆ ಜಿಡ್ಡು ಕಟ್ಟಿದ ಹಳೇ ಪಿಸ್ತೂಲಿನಲ್ಲಿ ಇದನ್ನೇ ನಂಬಿ ಕೂರುವಂತಿಲ್ಲ. ಬಂದೂಕು ಹಿಡಿದು ಅಭ್ಯಾಸವಿಲ್ಲವೇ? ಮುಟ್ಟದೆ ಪೊಲೀಸರಿಗೋ ಪರವಾನಗಿ ಇರುವ ವ್ಯಾಪಾರಿಗೋ ಫೋನ್ ಮಾಡಿ. ಕಾರಿನಲ್ಲಿ ಹಾಕಿಕೊಂಡು ನೀವೇ ಹೊರಡಬೇಡಿ.

ಕಾನೂನಿನ ಮಾತೂ ಇಲ್ಲೇ ಮುಗಿಸೋಣ. ಪಿತ್ರಾರ್ಜಿತವಾಗಿ ಬಂದ ಮಾತ್ರಕ್ಕೆ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರುತ್ತದೆ ಎಂದೇನಿಲ್ಲ. ದೇಶಕ್ಕೊಂದು ನಿಯಮ ಇದೆ. ಅಮೆರಿಕದ ಫೆಡರಲ್ ಕಾನೂನು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬಂದೂಕನ್ನು ಸಂಗ್ರಹದ ವಸ್ತು ಎಂದು ಒಪ್ಪುತ್ತದೆ. ಆದರೂ ಅದು ಬಂದೂಕೇ, ರಾಜ್ಯದ ನಿಯಮ ಬೇರೆಯೇ ಇರುತ್ತದೆ.

ಮೊದಲು ಆಕಾರ, ಆಮೇಲೆ ಅಕ್ಷರ

ಮೇಲಿನ ಭಾಗ ಮೊಣಕಾಲಿನ ಹಾಗೆ ಮಡಚಿಕೊಂಡು ಏಳುತ್ತದೆಯೇ? ನಳಿಕೆ ತೆಳ್ಳಗಿದ್ದು ಹಿಡಿ ಓರೆಯಾಗಿದೆಯೇ? ಹಾಗಿದ್ದರೆ ಲೂಗರ್. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡದ್ದರಿಂದ ಅದರ ಅಧಿಕೃತ ಹೆಸರು ಪಿ 08. ಹ್ಯಾಮರ್ ಹೊರಗಿದ್ದು, ಸ್ಲೈಡಿನಿಂದ (ಹಿಂದೆ ಮುಂದೆ ಜರುಗುವ ಮೇಲಿನ ಭಾಗ) ನಳಿಕೆಯ ಮುಂಭಾಗ ಬರಿದಾಗಿ ಚಾಚಿದ್ದರೆ ಅದು ಲೂಗರ್ ಜಾಗಕ್ಕೆ ಬಂದ ಪಿ 38. ಎರಡೂ 9 ಮಿ.ಮೀ. ಗುಂಡಿನವು. ಚಪ್ಪಟೆಯಾದ ಪುಟ್ಟ ಪಿಸ್ತೂಲಾದರೆ ವಾಲ್ಟರ್ ಪಿಪಿ, ಪಿಪಿಕೆ ಅಥವಾ ಮೌಸರ್ ಎಚ್‌ಎಸ್‌ಸಿ ಇರಬಹುದು. ಜರ್ಮನ್ ಸೇನೆಯ ಹದ್ದಿನ ಮುದ್ರೆ ಕಂಡ ಕೂಡಲೇ ಜರ್ಮನಿಯಲ್ಲೇ ಮಾಡಿದ್ದು ಅಂದುಕೊಳ್ಳಬೇಡಿ. ಬೆಲ್ಜಿಯಂ, ಪೋಲೆಂಡ್‌ಗಳನ್ನು ಆಕ್ರಮಿಸಿದ ಮೇಲೆ ಅಲ್ಲಿನ ಕಾರ್ಖಾನೆಗಳೂ ಜರ್ಮನ್ ಸೇನೆಗೆ ಪಿಸ್ತೂಲು ಮಾಡಿಕೊಟ್ಟವು.

ಈಗ ಭೂತಗನ್ನಡಿ ತನ್ನಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಯುದ್ಧಕಾಲದ ಕಾರ್ಖಾನೆಗಳು ತಮ್ಮ ಹೆಸರು ಮುಚ್ಚಿಟ್ಟು ಸಂಕೇತ ಒತ್ತುತ್ತಿದ್ದವು. ‘ಎಸಿ’ ಅಂದರೆ ವಾಲ್ಟರ್, ‘ಬಿವೈಎಫ್’ ಅಂದರೆ ಮೌಸರ್, ‘ಸಿವೈಕ್ಯೂ’ ಅಂದರೆ ಸ್ಪ್ರೀವರ್ಕ್. ಪಿ 38ರಲ್ಲಿ ಇದು ಸ್ಲೈಡಿನ ಎಡಗಡೆ ಇರುತ್ತದೆ. ಲೂಗರ್‌ನಲ್ಲಿ ಮಡಚುವ ಭಾಗದ ನೆತ್ತಿಯ ಮೇಲೆ ಸಂಕೇತ, ಚೇಂಬರ್ ಮೇಲೆ ಇಸವಿ.

ಹೊಸಬರು ತಪ್ಪದೆ ಎಡವುವ ಜಾಗ ಇದೇ. ಲೂಗರ್ ನೆತ್ತಿಯ ಮೇಲೆ 42 ಎಂದಿರುತ್ತದೆ, ಚೇಂಬರ್ ಮೇಲೆ 1940 ಎಂದಿರುತ್ತದೆ. 1942ರ ಪಿಸ್ತೂಲು ಅಂದುಬಿಡುತ್ತಾರೆ. ನೆತ್ತಿಯ 42 ಇಸವಿಯೇ ಅಲ್ಲ, ಅದು ಮೌಸರ್ ಕಾರ್ಖಾನೆಯ ಹಳೇ ಸಂಕೇತ. ಅದೇ 42 ಚೇಂಬರ್ ಮೇಲಿದ್ದರೆ ಮಾತ್ರ ಇಸವಿ.

ಕ್ರಮಸಂಖ್ಯೆ ಬರೆದುಕೊಳ್ಳುವಾಗ ಅದರ ಜೊತೆಗಿರುವ ಸಣ್ಣ ಅಕ್ಷರ ಬಿಡಬೇಡಿ. 10,000 ಆದ ಮೇಲೆ ಎಣಿಕೆ ಮತ್ತೆ ಒಂದರಿಂದ ಶುರುವಾಗಿ ಪಕ್ಕಕ್ಕೊಂದು ಅಕ್ಷರ ಸೇರುತ್ತಿತ್ತು. ಆ ಅಕ್ಷರ ಇಲ್ಲದಿದ್ದರೆ ಸಂಖ್ಯೆ ಅರ್ಧ ವಿಳಾಸ ಇದ್ದಂತೆ.

ಲೂಗರ್‌ನ ಸಣ್ಣಪುಟ್ಟ ಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ ಇರುತ್ತವೆ. ಸಂಖ್ಯೆ 4638 ಆದರೆ ಪಕ್ಕದ ತಗಡಿನಲ್ಲಿ 38, ಟ್ರಿಗರ್‌ನಲ್ಲಿ 38. ಎಲ್ಲಾ ಹೊಂದಿದರೆ ಸಂಗ್ರಾಹಕರ ಕಣ್ಣು ಅರಳುತ್ತದೆ. ಒಂದೇ ಒಂದು ಕಡೆ 71 ಕಂಡರೂ ಬೆಲೆ ಇಳಿಯುತ್ತದೆ. ಯಾವನೋ ಸೈನಿಕ ಪಕ್ಕದವನ ಭಾಗ ಹಾಕಿಕೊಂಡಿದ್ದಿರಬಹುದು, ಪಾಪ. ಮ್ಯಾಗಜಿನ್ ತಳ ನೋಡುವುದನ್ನೂ ಮರೆಯಬೇಡಿ.

ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನೂ ಪಿಸ್ತೂಲೇ ಪರೀಕ್ಷೆ ಮಾಡುತ್ತದೆ. ಎಲ್ಲಾದರೂ ಅಮೆರಿಕದ ಆಮದುದಾರರ ಹೆಸರು ಒತ್ತಿದ್ದರೆ ಅದು ಸೈನಿಕನ ಚೀಲದಲ್ಲಿ ಬಂದದ್ದಲ್ಲ, ಬಹಳ ವರ್ಷದ ನಂತರ ವ್ಯಾಪಾರಕ್ಕೆ ಬಂದದ್ದು. ಪಕ್ಕದಲ್ಲಿ ಇಂಗ್ಲಿಷಿನ ಎಕ್ಸ್‌ನಂಥ ಗುರುತಿದ್ದು, ಸಂಖ್ಯೆಗಳನ್ನು ಮತ್ತೆ ಗೀಚಿ ಬರೆದಿದ್ದರೆ ಸೋವಿಯತ್ ಸೇನೆ ವಶಪಡಿಸಿಕೊಂಡು ದುರಸ್ತಿ ಮಾಡಿದ ಮಾಲು ಇರಬೇಕು.

ಕಾಪಾಡುವುದು ಅಂದರೆ ಕಡಿಮೆ ಮಾಡುವುದು

ಉಕ್ಕಿನ ನಾರು, ಮರಳು ಕಾಗದ, ಪಾಲಿಶ್ ಯಾವುದೂ ಬೇಡ. ಉಕ್ಕಿನ ಮೇಲಿರುವ ಕಪ್ಪು ನೀಲಿ ಹೊದಿಕೆಯನ್ನು ಹೊಸದಾಗಿ ಹಾಕಿಸುವುದಂತೂ ಬೇಡವೇ ಬೇಡ. ನೀಲಿ ಸವೆದ ಪಿಸ್ತೂಲಿಗೆ ಕೊಳ್ಳುವವರಿದ್ದಾರೆ, ಬಳಿದು ಹೊಳೆಯಿಸಿದ್ದನ್ನು ತಿಳಿದವರು ಬೇಗ ಕೆಳಗಿಡುತ್ತಾರೆ. 1930ರ ದಶಕದ ನಡುಭಾಗದವರೆಗಿನ ಲೂಗರ್‌ಗಳಲ್ಲಿ ಟ್ರಿಗರ್ ಮತ್ತು ಕೆಲವು ಕೀಲಿಗಳು ಜೇನಿನ ಬಣ್ಣದಲ್ಲಿರುತ್ತವೆ. ಕಾಯಿಸಿ ತಂದ ಬಣ್ಣ ಅದು. ತುಕ್ಕು ಅಂತ ತಿಳಿದು ಅದನ್ನೂ ತಿಕ್ಕಿ ಬಿಸಾಡಿದವರಿದ್ದಾರೆ. ನಾಜಿಗಳ ಸ್ವಸ್ತಿಕದ ಗುರುತು ಕಣ್ಣಿಗೆ ಚುಚ್ಚುತ್ತದೆ ಅಂತ ಅರದಿಂದ ಉಜ್ಜುವವರೂ ಇದ್ದಾರೆ. ಆ ಮುಜುಗರ ಸಹಜವೇ, ಆದರೆ ಉಜ್ಜಿದರೆ ಸಾಕ್ಷಿ ಅಳಿಸಿದ ಹಾಗಾಯ್ತು, ಅಲ್ವಾ?

ಹಾಗಾದರೆ ಏನು ಮಾಡಬೇಕು? ಮೆತ್ತನೆ ಹತ್ತಿಬಟ್ಟೆಗೆ ಬಂದೂಕಿನ ಎಣ್ಣೆ ಎರಡು ಹನಿ ಹಾಕಿ ತೆಳ್ಳಗೆ ಸವರಿ. ಕೆಂಪು ತುಕ್ಕು ಎದ್ದಿದ್ದರೆ ಅಲ್ಲಿ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ಆಮೇಲೆ ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಮರದ ಹಿಡಿಗೆ ಎಣ್ಣೆ, ವಾರ್ನಿಶ್ ತಾಕಿಸಬೇಡಿ. ಹಿಡಿ ಬಿಚ್ಚದಿದ್ದರೆ ಇನ್ನೂ ಒಳ್ಳೆಯದು. ಲೂಗರ್‌ನ ಎಡ ಹಿಡಿಯ ಮೇಲ್ಮೂಲೆ ಸೇಫ್ಟಿ ಕೀಲಿಯ ಹತ್ತಿರ ಚಕ್ಕೆ ಏಳುವುದು ಬಿಚ್ಚಲು ಹೋದಾಗಲೇ. ಹಾರಿಸಿ ನೋಡುವ ಆಸೆಯೂ ಬೇಡ, ಮುರಿದ ಭಾಗಕ್ಕೆ ಅದೇ ಸಂಖ್ಯೆಯದ್ದು ಇನ್ನೊಂದು ಸಿಗುವುದಿಲ್ಲ.

ಪಿಸ್ತೂಲನ್ನು ಹೋಲ್‌ಸ್ಟರ್ ಒಳಗೆ ಇಡಲೇಬೇಡಿ. ಚರ್ಮ ತೇವ ಹೀರುತ್ತದೆ, ಹದ ಮಾಡುವಾಗಿನ ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಎರಡನ್ನೂ ಬೇರೆ ಬೇರೆ ಇಡಿ, ಬೀಗ ಹಾಕಿದ ಕಡೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಗಾಳಿಯ ತೇವ 50 ಶೇಕಡಾ ಮೀರದಿದ್ದರೆ ಒಳ್ಳೆಯದು. ಕೈ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ, ಹಾಗಾಗಿ ಕೈಗವಸು ಹಾಕಿಕೊಳ್ಳಿ.

ಪೆಟ್ಟಿಗೆಯ ತಳದಲ್ಲಿರುವ ಕಾಗದಗಳನ್ನು ರದ್ದಿಗೆ ಹಾಕುವ ಮುಂಚೆ ಒಂದೊಂದೇ ಬಿಡಿಸಿ ನೋಡಿ. ಅಮೆರಿಕದ ಸೈನಿಕರಿಗೆ ಇಂಥ ವಸ್ತು ಮನೆಗೊಯ್ಯಲು ಅಧಿಕಾರಿ ಸಹಿ ಹಾಕಿದ ಚೀಟಿ ಕೊಡುತ್ತಿದ್ದರು. ಪಿಸ್ತೂಲಿನ ಕ್ರಮಸಂಖ್ಯೆ ಇರುವ ಚೀಟಿ ಸಿಕ್ಕರೆ ನಿಮ್ಮ ಅದೃಷ್ಟ. ಸಿಗದಿದ್ದರೆ ತಂದವರು ಯಾರು, ಯಾವ ತುಕಡಿ, ಮನೆಯಲ್ಲಿ ಏನು ಹೇಳುತ್ತಿದ್ದರು ಎಂಬುದನ್ನು ಗೊತ್ತಿರುವವರು ಇರುವಾಗಲೇ ಬರೆಸಿಕೊಂಡು, ಫೋಟೋಗಳ ಜೊತೆ ಬೇರೆ ಲಕೋಟೆಯಲ್ಲಿಡಿ. ಅದನ್ನೂ ಆ ಹೋಲ್‌ಸ್ಟರ್ ಒಳಗೆ ತುರುಕಬೇಡಿ.