ಗೂಡಿನ ಲೆಕ್ಕದ ಪುಸ್ತಕದಲ್ಲಿ ಉಸಿರಿನ ಲೆಕ್ಕ

2020ರ ಮಾರ್ಚಿನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳಿಸುತ್ತಿದ್ದದ್ದು ಕೆಮ್ಮು. ಆ ಕಾಲರ್ ಟ್ಯೂನ್ ನೆನಪಿದೆ ಅಲ್ವಾ? ಅದು ಬಂದಾಗಲೆಲ್ಲ ನನ್ನ ಹೆಂಡತಿ "ನಿಮ್ಮದನ್ನೇ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾರೆ" ಎನ್ನುತ್ತಿದ್ದಳು. ಮನೆಯೊಳಗೆ ಈ ತಮಾಷೆ ನಡೆಯುತ್ತಿತ್ತು. ಹೊರಗೆ ನಡೆಯುತ್ತಿರಲಿಲ್ಲ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ಕೆಮ್ಮಿದ್ದಕ್ಕೆ ಬೆಂಚಿನ ಮೇಲಿದ್ದ ನಾಲ್ಕು ಜನ ಎದ್ದು ಹೋದರು. "ಇದು ದಮ್ಮು ಕಣ್ರಪ್ಪಾ, ಕೊರೊನಾ ಅಲ್ಲ" ಎಂದು ಕೂಗಿ ಹೇಳುವುದಕ್ಕೂ ದಮ್ಮು ಬೇಕಲ್ಲ!

ನಾನು ರೀಲರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ಕೆಲಸ. ಬೆಳಗ್ಗೆಯಿಂದ ಸೌದೆ ಒಲೆಯ ಹೊಗೆ, ಬಾಣಲೆಯ ಹಬೆ, ಬೆಂದ ಹುಳುವಿನ ಗಬ್ಬು ವಾಸನೆ. ರೇಷ್ಮೆ ಕೆಲಸದ ಧೂಳು, ಹುಳುವಿನ ಅಂಶ ಇವುಗಳಿಂದಲೇ ಕೆಲವರಿಗೆ ಅಸ್ತಮಾ ಬರುತ್ತದೆ ಎಂದು ವೈದ್ಯರು ಹೇಳಿದ್ದರು. ಕೇಳಿಸಿಕೊಂಡು ಸುಮ್ನೆ ಬಂದಿದ್ದೆ. ಅನ್ನ ಕೊಡುವ ಒಲೆ ಆರಿಸು ಎಂದರೆ ಆರಿಸೋಕಾಗುತ್ತಾ?

ಮಾರ್ಚ್ 24ರ ರಾತ್ರಿ 21 ದಿನದ ಲಾಕ್‌ಡೌನ್ ಎಂದರು. ಒಲೆ ತಾನಾಗಿಯೇ ಆರಿತು.

ಇಲ್ಲಿ ನನ್ನ ತಪ್ಪೊಂದು ಹೇಳಿಬಿಡಬೇಕು. ನನಗೆ ಎರಡು ಇನ್ಹೇಲರ್ ಬರೆದುಕೊಟ್ಟಿದ್ದರು. ಒಂದು ಸಾಲ್ಬುಟಮಾಲ್, ಉಸಿರು ಕಟ್ಟಿದಾಗ ಎಳೆಯಲು. ಇನ್ನೊಂದು ಬುಡೆಸೊನೈಡ್ ಎಂಬ ಸ್ಟೆರಾಯ್ಡ್ ಇರುವುದು, ಚೆನ್ನಾಗಿದ್ದರೂ ದಿನಾ ಎಳೆಯಲು. ನಾನು ಮೊದಲನೆಯದನ್ನು ಬೀಡಿಯ ಹಾಗೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಎರಡನೆಯದು ಅಲಮಾರಿಯಲ್ಲಿ. ಅಭ್ಯಾಸ ಆಗಿಬಿಡುತ್ತದೆ ಎಂಬ ಭಯ. ಅದರ ಮೇಲೆ ಆ ವಾರ ನೆಂಟರೊಬ್ಬರ ವಾಯ್ಸ್ ಮೆಸೇಜ್: ಸ್ಟೆರಾಯ್ಡ್ ಇದ್ದರೆ ರೋಗ ತಡೆಯುವ ಶಕ್ತಿ ಹೋಗುತ್ತದಂತೆ, ಮೊದಲು ನಿಲ್ಲಿಸು.

ವೈದ್ಯರಿಗೆ ಫೋನ್ ಮಾಡಿದೆ. ಅವರು ಬೈದ ರೀತಿ ಇವತ್ತಿಗೂ ಕಿವಿಯಲ್ಲಿದೆ. ಸಾಲ್ಬುಟಮಾಲ್ ಬಿಗಿದ ನಾಳವನ್ನು ಕೆಲವು ಗಂಟೆ ಸಡಿಲ ಮಾಡುತ್ತದೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತದೆ. ಆ ಊತ ಇಳಿಸುವುದು ದಿನದ ಇನ್ಹೇಲರ್. ಮದ್ದು ನೇರ ಶ್ವಾಸಕೋಶಕ್ಕೇ ಹೋಗುವುದರಿಂದ ಸ್ವಲ್ಪವೇ ಸಾಕು. "ಊದಿದ ನಾಳ ಇಟ್ಟುಕೊಂಡು ಕೊರೊನಾ ಬರಿಸಿಕೊಳ್ತೀಯಾ?" ಎಂದರು. ಅವತ್ತು ರಾತ್ರಿಯೇ ಶುರು ಮಾಡಿದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟುತ್ತದೆ.

ಬೀರುವಿನಲ್ಲಿ ಹಳೆಯ ಪೀಕ್ ಫ್ಲೋ ಮೀಟರ್ ಇತ್ತು, ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವುದು; ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ಪ್ಲಾಸ್ಟಿಕ್ ಕೊಳವೆ, ಮೇಲೆ ಮುಳ್ಳು. ಎದೆ ತುಂಬ ಉಸಿರು ತೆಗೆದುಕೊಂಡು ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆಯಬೇಕು. ಗೂಡಿನ ಲೆಕ್ಕದ ಪುಸ್ತಕ ಖಾಲಿ ಬಿದ್ದಿತ್ತು, ಅದರಲ್ಲೇ ಬರೆದೆ. ಮೊದಲ ದಿನ 310. ಮೂರನೇ ವಾರಕ್ಕೆ 390. ಆಮೇಲೆ 410. ಮೆಟ್ಟಿಲು ಹತ್ತಿ ಮಾತಾಡಬಲ್ಲೆ ಎಂದು ಗೊತ್ತಾದದ್ದೇ ಆಗ.

ಇದು ಮದ್ದಿನ ಗುಣವೋ, ಒಲೆ ಆರಿದ್ದರ ಗುಣವೋ? ಕೆಲಸ ಮತ್ತೆ ಶುರುವಾದ ಮೂರೇ ದಿನಕ್ಕೆ 350ಕ್ಕೆ ಇಳಿಯಿತು. ಮದ್ದು ಬಿಟ್ಟಿರಲಿಲ್ಲ. ವೈದ್ಯರು ಅಷ್ಟು ವರ್ಷ ಹೇಳಿದ್ದನ್ನು ನನ್ನದೇ ಕೈಬರಹ ಹೇಳಿತು. ಸಾಲ ಮಾಡಿ ಹೊಗೆ ಕೊಳವೆಯನ್ನು ನಾಲ್ಕು ಅಡಿ ಎತ್ತರಿಸಿದೆ. ಗೂಡು ಬೇಯಿಸುವ ಜಾಗ ಬಿಟ್ಟು ಬಾಗಿಲ ಹತ್ತಿರದ ಕೆಲಸಕ್ಕೆ ಬಂದೆ. ಮಾಸ್ಕ್ ಹಬೆಗೆ ಅರ್ಧ ಗಂಟೆಯಲ್ಲಿ ನೆನೆದು ಮುಖಕ್ಕೆ ಅಂಟುತ್ತಿತ್ತು. ದಿನಕ್ಕೆ ನಾಲ್ಕು ಬಟ್ಟೆ ಮಾಸ್ಕ್ ಬದಲಿಸಿದೆ.

ಆ ದಿನಗಳ ಉಪದೇಶಗಳ ಕಥೆ ಬೇರೆ. ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೊನಾ ಇಲ್ಲ ಎಂಬ ವಾಟ್ಸ್ಆ್ಯಪ್ ಪರೀಕ್ಷೆ ಬಂದಿತ್ತಲ್ಲ, ಅದರ ಪ್ರಕಾರ ನನಗೆ ಚಿಕ್ಕಂದಿನಿಂದಲೂ ಕೊರೊನಾ! ನೀಲಗಿರಿ ಎಣ್ಣೆ ಹಾಕಿ ಆವಿ ತಗೋ ಎಂದರು. ತಗೊಂಡೆ. ಎದೆ ಇನ್ನಷ್ಟು ಬಿಗಿಯಿತು. ಬೀದಿಗೆ ಬ್ಲೀಚಿಂಗ್ ದ್ರಾವಣ ಹೊಡೆದ ದಿನ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ.

ಒಂದು ಉಪಾಯ ಮಾತ್ರ ನಿಜವಾಗಿ ಕೆಲಸಕ್ಕೆ ಬಂತು. ಮನೆಯ ನೆಬ್ಯುಲೈಸರ್ ಹಚ್ಚಬೇಡ, ಕೊರೊನಾ ಇದ್ದರೆ ಅದರ ಮಂಜು ಮನೆಯವರಿಗೆಲ್ಲ ಹಂಚುತ್ತದೆ, ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ) ಬಳಸು ಎಂದಿದ್ದರು ವೈದ್ಯರು. ನನ್ನ ಸ್ಪೇಸರ್ ಒಡೆದಿತ್ತು. ಅಂಗಡಿಯಲ್ಲಿ ಸಿಗಲಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿಯೇ ಆಗುತ್ತದೆ ಎಂದು ಅವರೇ ಹೇಳಿಕೊಟ್ಟರು. ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು. ಸುತ್ತ ಟೇಪು. ಬಾಟಲಿಯ ಬಾಯಿ ನಮ್ಮ ಬಾಯಿಗೆ. ಇನ್ಹೇಲರ್ ಕುಲುಕಿ ಒಂದು ಸಲ ಒತ್ತಿ, ನಿಧಾನವಾಗಿ ಐದಾರು ಉಸಿರು. ಆಮೇಲೆ ಇನ್ನೊಂದು. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಬಟ್ಟೆಯಲ್ಲಿ ಒರೆಸಿದರೆ ಮದ್ದು ಗೋಡೆಗೇ ಅಂಟಿಕೊಳ್ಳುತ್ತದೆ. ನೋಡಲು ಮಕ್ಕಳ ಆಟಿಕೆ. ಹೊಸ ಸ್ಪೇಸರ್ ಸಿಗುವವರೆಗೆ ಎರಡು ತಿಂಗಳು ಅದೇ ನಡೆಸಿತು.

2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಎಂದಾಗ ಮೊದಲ ಡೋಸ್ ಹಾಕಿಸಿಕೊಂಡೆ. ತೋಳು ನೋವು ಬಿಟ್ಟರೆ ಏನಿಲ್ಲ.

ಅದೇ ತಿಂಗಳ ಮೂರನೇ ವಾರ ಒಂದು ಬೆಳಗ್ಗೆ ಕೆಲಸದ ಶೆಡ್ಡಿಗೆ ಹೋದೆ. ಬಾಣಲೆ ಕುದಿಯುತ್ತಿತ್ತು. ಬುಟ್ಟಿ ತುಂಬ ಬೆಂದ ಹುಳು. ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ವಾಸನೆ ಇಲ್ಲ. ಹೊಸಬರು ಮೂಗು ಮುಚ್ಚಿಕೊಂಡು ಓಡುವ ಆ ಗಬ್ಬು ಒಂಚೂರೂ ಇಲ್ಲ. ಬುಟ್ಟಿಗೆ ಮುಖ ಹಾಕಿ ಎಳೆದೆ. ಬರೀ ಬಿಸಿ ಗಾಳಿ.

ಎಷ್ಟೇ ದಮ್ಮು ಹೆಚ್ಚಾದ ದಿನವೂ ಈ ವಾಸನೆ ನನ್ನನ್ನು ಬಿಟ್ಟಿರಲಿಲ್ಲ. ಅಲ್ಲಿಂದಲೇ ಮನೆಯ ಹಿಂದಿನ ಕೋಣೆ ಸೇರಿದೆ. ಸಂಜೆಗೆ ಜ್ವರ. ಟೆಸ್ಟ್ ಪಾಸಿಟಿವ್.

ಪುಸ್ತಕ ಪಕ್ಕದಲ್ಲೇ ಇತ್ತು. ಬೆಳಗ್ಗೆ, ಸಂಜೆ ಪೀಕ್ ಫ್ಲೋ. ಬೆರಳಿಗೆ ಆಕ್ಸಿಮೀಟರ್ ಇಟ್ಟು ಇನ್ನೊಂದು ಸಂಖ್ಯೆ. 94ಕ್ಕಿಂತ ಕೆಳಗೆ ಹೋದರೆ ಕಾಯದೆ ಆಸ್ಪತ್ರೆಗೆ ಬಾ ಎಂದಿದ್ದರು. ಬ್ಯಾಗು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆ. ಆರನೇ ದಿನ ರಾತ್ರಿ 95 ಆಯಿತು. ಹೆಂಡತಿ ಬಾಗಿಲಾಚೆ ಕೂತು ಗಂಟೆಗೊಮ್ಮೆ "ಎಷ್ಟು?" ಎಂದು ಕೇಳುತ್ತಿದ್ದಳು. 95, 95, 96. ಬೆಳಗಿನ ಜಾವ ಅವಳ ಸದ್ದು ನಿಂತಿತು. ನಿದ್ದೆ ಹೋಗಿದ್ದಳು. ಪೀಕ್ ಫ್ಲೋ 340ರ ಕೆಳಗೆ ಇಳಿಯಲೇ ಇಲ್ಲ. ಪುಸ್ತಕದಲ್ಲಿ ಬರೆದ ಮೊದಲ ದಿನದ 310ಕ್ಕಿಂತ ಅದೇ ಜಾಸ್ತಿ.

ವಾಸನೆ ವಾಪಸ್ ಬರಲು ಐದು ವಾರ ಹಿಡಿಯಿತು. ಗಬ್ಬು ನಾರುವುದಕ್ಕೆ ಅಷ್ಟು ಖುಷಿಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಈಗಲೂ ಅದೇ ಪುಸ್ತಕ. ಮೇಲೆ ಗೂಡಿನ ತೂಕ, ಕೆಳಗೆ ಪೀಕ್ ಫ್ಲೋ. ಮೊನ್ನೆ ಲೆಕ್ಕ ನೋಡಲು ಬಂದ ಭಾವಮೈದ ಬೆರಳಿಟ್ಟು ಕೇಳಿದ, "ಭಾವ, ಭಾನುವಾರ 400 ಕೆಜಿ ಗೂಡು ಎಲ್ಲಿಂದ ತಂದಿರಿ?"